ಚೆಕ್ ಅಂತ ಮೊದಲು ಕೂಗಿದ್ದು ಯಾರಿಗೆ?

ಬ್ಯಾಂಕಲ್ಲಿ ಕೆಲಸ ಮಾಡೋರ ಬಾಯಲ್ಲಿ ಬೆಳಗ್ಗೆಯಿಂದ ಸಂಜೆವರೆಗೂ ಓಡಾಡೋ ಪದ ಯಾವ್ದು ಅಂತ ಯಾರಾದ್ರೂ ಕೇಳಿದ್ರೆ ನಾನಂತೂ ಚೆಕ್ ಅಂತೀನಿ. "ಸಾರ್, ಮೊನ್ನೆ ಒಂದು ಚೆಕ್ಕು ಹಾಕಿದ್ದೆ, ಪಾಸಾಯ್ತಾ?" ಅಂತ ಕೌಂಟರಿಗೆ ಬಂದೋರು ಕೇಳ್ತಾರೆ, "ಇರಿ, ಚೆಕ್ ಮಾಡಿ ಹೇಳ್ತೀನಿ" ಅಂತ ನಾವಂತೀವಿ. ಎರಡು ಸಾಲಿನ ಮಾತಲ್ಲಿ ಒಂದೇ ಪದ ಎರಡು ಅರ್ಥದಲ್ಲಿ ಬಂದು ಹೋಯ್ತು, ಕೇಳ್ದೋರಿಗೂ ಗೊಂದಲ ಇಲ್ಲ, ಹೇಳ್ದೋರಿಗೂ ಇಲ್ಲ. ಬ್ಯಾಂಕಿಂದ ಆಚೆ ಬಂದ್ರೂ ಈ ಪದ ಬೆನ್ನು ಬಿಡಲ್ಲ. ಬೆಂಗಳೂರಲ್ಲಿ ಮಡಿವಾಳ ಚೆಕ್‌ಪೋಸ್ಟ್ ಅಂತ ಬಸ್‌ಸ್ಟಾಪೇ ಇದೆ, ಟ್ರೈನಲ್ಲಿ ಚೆಕಿಂಗಿಗೆ ಬರ್ತಾರೆ, ಅಪ್ಪನ್ನ ಶುಗರ್ ಚೆಕಪ್ಪಿಗೆ ಕರ್ಕೊಂಡು ಹೋಗ್ಬೇಕು, ಊರ ಹಳ್ಳಕ್ಕೆ ಅಡ್ಡಲಾಗಿ ಚೆಕ್‌ಡ್ಯಾಮ್ ಕಟ್ಟಿರ್ತಾರೆ, ಹಬ್ಬಕ್ಕೆ ತಗೊಳ್ಳೋ ಶರ್ಟು ಪ್ಲೇನ್ ಇರ್ಲಾ ಚೆಕ್ಸ್ ಇರ್ಲಾ ಅಂತ ಅಂಗಡೀಲಿ ಕೇಳ್ತಾರೆ, ಮನೇಲಿ ಮಕ್ಕಳು ಚೆಸ್ ಬೋರ್ಡ್ ಹಾಸ್ಕೊಂಡು ಚೆಕ್ ಚೆಕ್ ಅಂತ ಕೂಗ್ತಿರ್ತವೆ.

ದುಡ್ಡಿನ ಚೆಕ್ಕು, ಪರೀಕ್ಷೆ ಮಾಡೋ ಚೆಕ್ಕು, ನೀರು ತಡೆಯೋ ಚೆಕ್ಕು, ಬಟ್ಟೆ ಮೇಲಿನ ಚೌಕಳಿ ಚೆಕ್ಕು, ಇವೆಲ್ಲ ಬೇರೆ ಬೇರೆ ಪದಗಳು, ಸದ್ದು ಮಾತ್ರ ಒಂದೇ ಥರ ಇದೆ ಅಂತ ಅನ್ಸೋದು ಸಹಜ. ಆದ್ರೆ ಅಷ್ಟೂ ಒಂದೇ ಬೇರಿನ ಪದ. ಅದರಲ್ಲೂ ಆ ಮಕ್ಕಳು ಬೋರ್ಡ್ ಮುಂದೆ ಕೂತು ಕೂಗೋ ಚೆಕ್ಕೇ ಎಲ್ಲಕ್ಕಿಂತ ಹಳೇದು, ಮಿಕ್ಕಿದ್ದೆಲ್ಲ ಅದರ ಮಕ್ಕಳು ಮೊಮ್ಮಕ್ಕಳು. ನನ್ನ ಕೈಮೇಲೆ ದಿನಾ ಹಾದು ಹೋಗೋ ಆ ಉದ್ದದ ಕಾಗದಕ್ಕೂ ಚದುರಂಗದ ರಾಜನಿಗೂ ರಕ್ತಸಂಬಂಧ ಇದೆ ಅಂತ ಗೊತ್ತಾದಾಗಿಂದ ನನಗೆ ಈ ಪದದ ಮೇಲೆ ವಿಪರೀತ ಪ್ರೀತಿ ಬಂದಿದೆ, ಅದನ್ನ ಹಂಚ್ಕೊಳ್ಳೋಣ ಅಂತಾನೇ ಇಷ್ಟು ಉದ್ದ ಬರೀತಿರೋದು.

ಆಟ ಹುಟ್ಟಿದ್ದು ಭಾರತದಲ್ಲಿ ಅನ್ನೋದನ್ನ ಬಹುತೇಕ ಇತಿಹಾಸಕಾರರು ಒಪ್ತಾರೆ. ಚತುರಂಗ ಅಂದ್ರೆ ಸೈನ್ಯದ ನಾಲ್ಕು ಅಂಗ: ಆನೆ, ಕುದುರೆ, ರಥ, ಕಾಲಾಳು. ಏಳನೇ ಶತಮಾನದ ಬಾಣಭಟ್ಟ ತನ್ನ ಹರ್ಷಚರಿತದಲ್ಲಿ ಹರ್ಷನ ರಾಜ್ಯ ಎಷ್ಟು ಶಾಂತವಾಗಿತ್ತು ಅಂತ ಹೊಗಳುವಾಗ ಚತುರಂಗದ ವ್ಯೂಹ ಕಲಿಯೋದು ಅಷ್ಟಾಪದದ ಮೇಲೆ, ಅಂದ್ರೆ ಎಂಟೆಂಟು ಮನೆಯ ಹಾಸಿನ ಮೇಲೆ ಮಾತ್ರ ಅನ್ನೋ ಹಾಗೆ ಒಂದು ಶ್ಲೇಷೆ ಮಾಡ್ತಾನೆ. ಆಟದ ಬಗ್ಗೆ ಸಿಗೋ ಹಳೇ ಉಲ್ಲೇಖಗಳಲ್ಲಿ ಇದೂ ಒಂದು. ನಮ್ಮ ಕಡೆ ಬಂದ್ರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ಪಟ್ಟಿಯಲ್ಲಿ ಚತುರಂಗಕ್ಕೆ ಒಂದು ವಿವರವಾದ ಭಾಗಾನೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇದರ ಹುಚ್ಚೇ ಇತ್ತು, ಕುದುರೆ ನಡೆಯಲ್ಲಿ 64 ಮನೇನೂ ಒಂದೊಂದೇ ಸಲ ಮುಟ್ಟಿ ಬರೋ ಲೆಕ್ಕದ ಮೇಲೆ ಅವರು ತಲೆ ಕೆಡಿಸ್ಕೊಂಡೋರು.

ಆಟ ನಮ್ಮದೇ, ಆದ್ರೆ ಚೆಕ್ ಅನ್ನೋ ಪದ ಹುಟ್ಟಿದ್ದು ಆಟ ಇಲ್ಲಿಂದ ಪರ್ಷಿಯಾಕ್ಕೆ ಹೋದ್ಮೇಲೆ. ಅಲ್ಲಿ ಚತುರಂಗ ಚತ್ರಂಗ್ ಆಯ್ತು, ರಾಜನ ಕಾಯಿ ಷಾ ಆಯ್ತು. ಎದುರಾಳಿಯ ರಾಜನ ಮೇಲೆ ದಾಳಿ ಆಗೋ ಹಾಗೆ ಕಾಯಿ ನಡೆಸಿದಾಗ ಸುಮ್ಮನೆ ಕೂರ್ದೇ "ಷಾ!" ಅಂತ ಬಾಯ್ಬಿಟ್ಟು ಹೇಳೋ ರೂಢಿ ಬೆಳೀತು. ರಾಜ! ಅಂದ್ರೆ, ನಿನ್ನ ರಾಜ ಅಪಾಯದಲ್ಲಿದಾನೆ, ನೋಡ್ಕೋ. ಇದನ್ನ ಸ್ವಲ್ಪ ನಿಧಾನಕ್ಕೆ ಯೋಚ್ನೆ ಮಾಡಿ. ಕುದುರೆ ಹೊಡೀವಾಗ ಹೇಳ್ಬೇಕಾಗಿಲ್ಲ, ಮಂತ್ರೀನ ಹೊಡೀವಾಗ ಹೇಳ್ಬೇಕಾಗಿಲ್ಲ, ಎದುರಿನವನು ಗಮನಿಸ್ಲಿಲ್ಲ ಅಂದ್ರೆ ಅವನ ಕರ್ಮ. ರಾಜನಿಗೆ ಮಾತ್ರ ಮೊದಲು ಎಚ್ಚರಿಕೆ ಕೊಡ್ಬೇಕು, ತಪ್ಪಿಸ್ಕೊಳ್ಳೋಕೆ ಒಂದು ನಡೆ ಬಿಟ್ಕೊಡ್ಬೇಕು, ಆಮೇಲೇನೇ ಮುಂದಿನ ಮಾತು. ಇವತ್ತಿನ ಇಂಗ್ಲಿಷಿನ ಚೆಕ್ ಅನ್ನೋದು ಆ ಎಚ್ಚರಿಕೆಯ ಕೂಗೇ, ನಾಲ್ಕಾರು ಭಾಷೆಗಳ ಬಾಯಲ್ಲಿ ಸವೆದು ಉಳ್ಕೊಂಡಿರೋ ರೂಪ.

ಈ ಷಾ ಅನ್ನೋ ಪದ ನಮಗೆ ಅಷ್ಟೇನೂ ದೂರದ್ದಲ್ಲ. ಹಳೇ ಪರ್ಷಿಯನ್ನಿನಲ್ಲಿ ರಾಜನಿಗೆ ಕ್ಷಾಯಥಿಯ ಅಂತಿದ್ರು, ಆಳೋದು ಅನ್ನೋ ಅರ್ಥದ ಧಾತುವಿಂದ ಬಂದಿದ್ದು, ಸಂಸ್ಕೃತದ ಕ್ಷತ್ರ, ಕ್ಷತ್ರಿಯ ಪದಗಳೂ ಅದೇ ಮನೆತನದವು. ಕ್ಷಾಯಥಿಯ ಸವೆದು ಸವೆದು ಷಾ ಆಯ್ತು. ಹಾಗಾಗಿ ಚೆಕ್ ಮತ್ತೆ ಕ್ಷತ್ರಿಯ ಅನ್ನೋ ಎರಡು ಪದಗಳನ್ನ ಅಕ್ಕಪಕ್ಕ ನಿಲ್ಲಿಸಿದ್ರೆ ಅವು ದೂರದ ಅಣ್ಣತಮ್ಮಂದಿರು ಅಂತ ಧಾರಾಳವಾಗಿ ಹೇಳ್ಬಹುದು. ವಿಜಯಪುರದಲ್ಲಿ 1490ರಿಂದ 1686ರವರೆಗೂ ಆಳಿದ ಆದಿಲ್‌ಶಾಹಿಗಳ ಹೆಸರಲ್ಲಿ ಇರೋದೂ ಇದೇ ಶಾ. ಗೋಲಗುಮ್ಮಟದ ಒಳಗೆ ಮಲಗಿರೋ ಮೊಹಮ್ಮದ್ ಆದಿಲ್ ಶಾ ಹೆಸರಿನ ಕೊನೇ ಅಕ್ಷರವೂ, ನನ್ನ ಟೇಬಲ್ ಮೇಲಿರೋ ಚೆಕ್ ಬುಕ್ಕಿನ ಮೊದಲ ಅಕ್ಷರವೂ ಮೂಲದಲ್ಲಿ ಒಂದೇ ಅಂದ್ರೆ ನಂಬೋಕೆ ಕಷ್ಟ ಆಗುತ್ತೆ ಅಲ್ವಾ, ಆದ್ರೆ ನಿಜ.

ಚೆಕ್‌ಮೇಟ್ ಬಗ್ಗೇನೂ ಇಲ್ಲೇ ಹೇಳ್ಬಿಡ್ತೀನಿ. ಷಾ ಮಾತ್ ಅನ್ನೋದರಿಂದ ಅದು ಬಂದಿದ್ದು. ಅರಬ್ಬಿಯಲ್ಲಿ ಮಾತ ಅಂದ್ರೆ ಸತ್ತ ಅಂತ, ಹಾಗಾಗಿ ರಾಜ ಸತ್ತ ಅಂತ ಅರ್ಥ ಹೇಳೋರು ತುಂಬಾ ಜನ ಇದಾರೆ. ಇನ್ನೊಂದು ವಾದದ ಪ್ರಕಾರ ಪರ್ಷಿಯನ್ನಿನ ಮಾತ್ ಅಂದ್ರೆ ದಾರಿ ಕಾಣದೆ ಕಂಗಾಲಾದೋನು, ಕೈಸೋತೋನು. ನನಗೆ ಎರಡನೇದೇ ಸರಿ ಅನ್ಸುತ್ತೆ, ಯಾಕಂದ್ರೆ ಚದುರಂಗದಲ್ಲಿ ರಾಜನ್ನ ಯಾರೂ ಹೊಡೆಯೋದೇ ಇಲ್ಲ, ಎಲ್ಲಾ ಕಾಯೂ ಸಾಯ್ತವೆ, ರಾಜ ಮಾತ್ರ ಕೊನೇವರೆಗೂ ಬೋರ್ಡ್ ಮೇಲೇ ನಿಂತಿರ್ತಾನೆ, ಹೋಗೋಕೆ ಮನೆ ಇಲ್ದೇ ನಿಂತಿರ್ತಾನೆ ಅಷ್ಟೇ.

ಪರ್ಷಿಯಾದಿಂದ ಅರಬ್ಬರಿಗೆ, ಅರಬ್ಬರಿಂದ ಸ್ಪೇನ್ ಮತ್ತೆ ಇಟಲಿ ಕಡೆಯಿಂದ ಯುರೋಪಿಗೆ ಆಟ ದಾಟ್ಕೊಂಡು ಹೋಯ್ತು. ಷಾ ಅನ್ನೋದು ಅಲ್ಲಿಯ ಲ್ಯಾಟಿನ್ನಿನಲ್ಲಿ ಸ್ಕಾಕ್ಕಸ್ ಆಯ್ತು, ಹಳೇ ಫ್ರೆಂಚಲ್ಲಿ ಎಶೆಕ್ ಆಯ್ತು, ಸುಮಾರು 1300ರ ಹೊತ್ತಿಗೆ ಇಂಗ್ಲಿಷಲ್ಲಿ ಚೆಕ್ ಅಂತ ಕಾಣಿಸ್ಕೊಳ್ತು. ಚೆಸ್ ಅನ್ನೋ ಹೆಸರು ಬೇರೆ ಎಲ್ಲಿಂದಲೋ ಬಂದಿದ್ದಲ್ಲ, ಆ ಎಶೆಕ್ ಅನ್ನೋದರ ಬಹುವಚನ ಅದು, ಅಂದ್ರೆ ಚೆಸ್ ಅಂದ್ರೆ ಚೆಕ್ಕುಗಳು, ಇನ್ನೂ ಹಿಂದಕ್ಕೆ ಹೋದ್ರೆ ರಾಜರುಗಳು. ಜರ್ಮನ್ನರು ಶಾಖ್ ಅಂತಾರೆ, ರಷ್ಯನ್ನರು ಷಾಖ್‌ಮಾತಿ ಅಂತ ಇಡೀ ಷಾ ಮಾತನ್ನೇ ಆಟಕ್ಕೆ ಹೆಸರಾಗಿ ಇಟ್ಕೊಂಡ್ರು. ಸ್ಪ್ಯಾನಿಷ್ ಜನ ಮಾತ್ರ ಅರಬ್ಬಿಯ ಷತ್ರಂಜ್ ಹಿಡ್ಕೊಂಡು ಅಹೆದ್ರೆಸ್ ಅಂತಾರೆ, ಅದರಲ್ಲಿ ನಮ್ಮ ಚತುರಂಗ ಇನ್ನೂ ಉಸಿರಾಡ್ತಿದೆ. ನಮ್ಮ ಆನೆಗೆ ಅಲ್ಲೇನಾಯ್ತು ಅನ್ನೋದೇ ಬೇರೆ ಕಥೆ, ಅರಬ್ಬಿಯ ಅಲ್‌ಫಿಲ್ ಅಂದ್ರೆ ಆನೆ, ಅದು ಇಂಗ್ಲೆಂಡ್ ತಲುಪೋ ಹೊತ್ತಿಗೆ ಬಿಷಪ್ ಆಗಿತ್ತು, ಇರಲಿ, ಅಲ್ಲಿಗೆ ಹೋದ್ರೆ ಇವತ್ತು ವಾಪಸ್ ಬರೋಕಾಗಲ್ಲ.

ಬೋರ್ಡಿಂದ ಆಚೆ ಬಂದ ತಕ್ಷಣ ಚೆಕ್‌ಗೆ ಸಿಕ್ಕಿದ ಮೊದಲ ಅರ್ಥ ತಡೆ. ಚೆಕ್ ಬಿದ್ದ ರಾಜ ತನ್ನ ಪ್ಲಾನೆಲ್ಲ ಬಿಟ್ಟು ಮೊದಲು ಅದಕ್ಕೇ ಉತ್ತರ ಕೊಡ್ಬೇಕು, ಆಟದ ಓಟ ಅಲ್ಲಿಗೆ ನಿಲ್ಲುತ್ತೆ. ಹಾಗಾಗಿ ಓಡ್ತಿರೋದನ್ನ ತಟ್ಟನೆ ನಿಲ್ಸೋದೆಲ್ಲ ಚೆಕ್ ಆಯ್ತು. ನರ್ಮದೆ ದಾಟಿ ಬರ್ಬೇಕು ಅಂತ ಹೊರಟ ಅದೇ ಹರ್ಷನ್ನ ಬಾದಾಮಿಯ ಇಮ್ಮಡಿ ಪುಲಕೇಶಿ ತಡೆದ, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಅದನ್ನ ಹೆಮ್ಮೆಯಿಂದ ಹೇಳ್ತಾನೆ. ಹಳೇ ಇಂಗ್ಲಿಷಿನೋರು ಆ ಪ್ರಸಂಗ ಬರೆದಿದ್ರೆ ಪುಲಕೇಶಿ ಹರ್ಷನ್ನ ಚೆಕ್ ಮಾಡ್ದ ಅಂತಾನೇ ಬರೀತಿದ್ರು, ಇವತ್ತು ನಾವು ಹಾಗಂದ್ರೆ ಪುಲಕೇಶಿ ಹರ್ಷನ ಬ್ಯಾಗು ತೆಗೆಸಿ ನೋಡ್ದ ಅಂತ ಕೇಳ್ಸುತ್ತೆ. ಈ ಹಳೇ ಅರ್ಥ ನಮ್ಮ ಕಡೆ ಇವತ್ತಿಗೂ ಜೀವಂತ ಇರೋದು ಚೆಕ್‌ಡ್ಯಾಮಲ್ಲಿ. ಮಳೆ ಬಂದಾಗ ಹಳ್ಳ ರಭಸದಲ್ಲಿ ಮಣ್ಣು ಕೊಚ್ಕೊಂಡು ಓಡುತ್ತೆ, ಅಡ್ಡಲಾಗಿ ಕಲ್ಲೋ ಕಾಂಕ್ರೀಟೋ ಹಾಕಿ ಒಂದಾಳೆತ್ತರದ ಗೋಡೆ ಕಟ್ಟಿದ್ರೆ ನೀರಿನ ವೇಗ ಮುರಿಯುತ್ತೆ, ಮಣ್ಣು ಕೆಳಗೆ ಕೂರುತ್ತೆ, ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿ ಬೋರ್‌ವೆಲ್ಲಿಗೆ ಸೇರುತ್ತೆ, ಹೆಚ್ಚಾದ ನೀರು ಮೇಲಿಂದ ಹರ್ಕೊಂಡು ಹೋಗುತ್ತೆ. ಪೂರ್ತಿ ಹಿಡಿದಿಡೋದು ಅದರ ಕೆಲಸ ಅಲ್ಲ, ಓಟಕ್ಕೆ ಕಡಿವಾಣ ಹಾಕೋದಷ್ಟೇ. ಬೆಂಗಳೂರಿನ ಆಫೀಸಲ್ಲಿ ಕೂತು ಚೆಕ್ ಮಾಡಿ ಮೇಲ್ ಕಳ್ಸಿ ಅನ್ನೋ ನಮಗಿಂತ ಹಳ್ಳದ ಪಕ್ಕ ಇರೋ ರೈತರು ಈ ಪದಾನ ಅದರ ಮೂಲದ ಅರ್ಥಕ್ಕೆ ಹತ್ತಿರವಾಗಿ ಬಳಸ್ತಿದಾರೆ.

ಈಗ ನನಗೆ ಅತ್ಯಂತ ಇಷ್ಟದ ಭಾಗ, ಖಜಾನೆ. ಇಂಗ್ಲೆಂಡಿನ ಹಣಕಾಸು ಮಂತ್ರೀನ ಇವತ್ತಿಗೂ ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್ ಅಂತಾರೆ. ಈ ಎಕ್ಸ್‌ಚೆಕರ್ ಅಂದ್ರೆ ಹಳೇ ಫ್ರೆಂಚಲ್ಲಿ ಚದುರಂಗದ ಹಾಸು. ಹನ್ನೆರಡನೇ ಶತಮಾನದ ಶುರುವಿನಲ್ಲಿ, ಮೊದಲನೇ ಹೆನ್ರಿಯ ಕಾಲದಲ್ಲಿ, ರಾಜನ ಲೆಕ್ಕಪತ್ರ ನೋಡೋ ಸಭೆಗೆ ಈ ಹೆಸರು ಬಿತ್ತು. ಯಾಕೆ ಬಿತ್ತು ಅನ್ನೋದನ್ನ ರಾಜನ ಖಜಾನೆ ಅಧಿಕಾರಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ ಅನ್ನೋರು 1170ರ ದಶಕದ ಕೊನೇಲಿ ಬರೆದಿಟ್ಟಿದಾರೆ, ಅದೂ ಶಿಷ್ಯ ಕೇಳೋದು ಗುರು ಹೇಳೋದು ಅನ್ನೋ ಥರ, ನಮ್ಮ ಹಳೇ ಶಾಸ್ತ್ರಗ್ರಂಥಗಳ ಧಾಟಿಯಲ್ಲೇ. ಹತ್ತು ಅಡಿ ಉದ್ದ ಐದು ಅಡಿ ಅಗಲದ ಒಂದು ಮೇಜು, ಮೇಲಿಟ್ಟಿದ್ದು ಉರುಳಿ ಬೀಳ್ದೇ ಇರ್ಲಿ ಅಂತ ಸುತ್ತಲೂ ನಾಲ್ಕು ಬೆರಳು ಎತ್ತರದ ಅಂಚು, ಅದರ ಮೇಲೆ ಪ್ರತಿ ವರ್ಷ ಈಸ್ಟರ್ ಹೊತ್ತಿಗೆ ಹೊಸದಾಗಿ ತಂದು ಹಾಸೋ ಕಪ್ಪು ಬಟ್ಟೆ, ಬಟ್ಟೆ ಮೇಲೆ ಅಡಿಗೊಂದು ಅಥವಾ ಗೇಣಿಗೊಂದು ಗೆರೆ. ಆ ಗೆರೆಗಳ ನಡುವಿನ ಕಂಬಸಾಲುಗಳು ಪೆನ್ನಿ, ಶಿಲ್ಲಿಂಗ್, ಪೌಂಡ್, ಇಪ್ಪತ್ತು ಪೌಂಡ್, ನೂರು, ಸಾವಿರ ಹೀಗೆ. ಗೆರೆಗಳ ಮಧ್ಯೆ ಬಿಲ್ಲೆ ಇಟ್ಟು ತೆಗೆದು ಲೆಕ್ಕ ಮಾಡೋರು. ರೋಮನ್ ಅಂಕಿಗಳಲ್ಲಿ ಕೂಡೋದು ಕಳೆಯೋದು ಎಷ್ಟು ಕಷ್ಟ ಅಂತ ಒಂದ್ಸಲ ಟ್ರೈ ಮಾಡಿದ್ರೆ ಈ ಬಟ್ಟೆಯ ಬೆಲೆ ಗೊತ್ತಾಗುತ್ತೆ, ಮೇಲಾಗಿ ಎದುರು ಕೂತಿರೋನಿಗೆ ಓದು ಬರಹ ಬರ್ದಿದ್ರೂ ಬಿಲ್ಲೆಗಳು ಕಣ್ಣೆದುರೇ ಇರ್ತವಲ್ಲ.

ಎದುರು ಕೂತಿರೋನು ಅಂದ್ರೆ ಶೆರೀಫ್, ಒಂದೊಂದು ಸೀಮೆಯ ಕಂದಾಯ ವಸೂಲಿ ಮಾಡಿ ರಾಜನಿಗೆ ಕಟ್ಟೋ ಅಧಿಕಾರಿ. ವರ್ಷಕ್ಕೆ ಎರಡು ಸಲ, ಈಸ್ಟರ್‌ಗೊಂದು ಸಲ, ಸೆಪ್ಟೆಂಬರ್ ಕೊನೇಲಿ ಬರೋ ಮೈಕೆಲ್‌ಮಸ್ ಹಬ್ಬಕ್ಕೊಂದು ಸಲ ಬಂದು ಈ ಮೇಜಿನ ಮುಂದೆ ಕೂರ್ಬೇಕು. ಫಿಟ್ಜ್‌ನೀಲ್ ಹೇಳೋ ಪ್ರಕಾರ ಹೆಸರಿಗೆ ಕಾರಣ ಬಟ್ಟೆಯ ಗೆರೆ ಮಾತ್ರ ಅಲ್ಲ, ಚದುರಂಗದ ಥರಾನೇ ಇಲ್ಲೂ ಇಬ್ಬರ ಮಧ್ಯೆ ಯುದ್ಧ ನಡೆಯುತ್ತೆ, ಒಂದು ಕಡೆ ಖಜಾನೆ ಅಧಿಕಾರಿ, ಇನ್ನೊಂದು ಕಡೆ ಶೆರೀಫ್, ಮಿಕ್ಕೋರು ತೀರ್ಪುಗಾರರ ಹಾಗೆ ಸುತ್ತ ಕೂತು ನೋಡ್ತಾರೆ. ನಮ್ಮ ಬ್ರಾಂಚಿಗೆ ಇನ್‌ಸ್ಪೆಕ್ಷನ್ ಬಂದಾಗಿನ ವಾತಾವರಣ ಗೊತ್ತಿರೋರಿಗೆ ಇದನ್ನ ವಿವರಿಸ್ಬೇಕಾಗಿಲ್ಲ.

ನನಗೆ ಹೇಳ್ಬೇಕು ಅನ್ಸೋ ಮುಖ್ಯ ಮಾತು ಇದೇ ಜಾಗದಲ್ಲಿದೆ. ಷಾ ಅನ್ನೋದು ರಾಜನ ವಿರುದ್ಧ ಕೂಗ್ತಿದ್ದ ಪದ, ಒಂದು ಕಾಲಾಳು ಕೂಡ ರಾಜನ ಮುಂದೆ ನಿಂತು ಅದನ್ನ ಕೂಗ್ಬಹುದಿತ್ತು. ಈ ಮೇಜಿನ ಹತ್ರ ಬರೋ ಹೊತ್ತಿಗೆ ಅದು ರಾಜನ ಕಡೆಯೋರ ಪದ ಆಯ್ತು, ರಾಜ ಮೇಜಿನ ಹಿಂದೆ, ಲೆಕ್ಕ ಒಪ್ಪಿಸ್ಬೇಕಾದೋನು ಮುಂದೆ. ಚೆಕ್‌ಪೋಸ್ಟು, ಚೆಕಿಂಗು, ಬ್ಯಾಗ್ ಚೆಕ್ಕು, ಸಾಮಾನ್ಯ ಜನ ನಿಂತ್ಕೊಂಡು ತೋರಿಸ್ಬೇಕಾದ ಎಲ್ಲ ಚೆಕ್ಕುಗಳಲ್ಲೂ ಆ ಮೇಜಿನ ನೆರಳಿದೆ ಅಂತ ನನಗನ್ಸುತ್ತೆ. ಎಚ್ಚರಿಕೆ ಕೊಟ್ಟು ಒಂದು ನಡೆ ಬಿಟ್ಕೊಡೋ ಮರ್ಯಾದೆ ಹಿಂದಕ್ಕೆ ಸರೀತು, ಅನುಮಾನ ಮುಂದೆ ಬಂತು. ಆಮೇಲೆ ಈ ಪದ ಮತ್ತೆ ಆಳೋರ ಕಡೆ ತಿರುಗಿದ್ದೂ ಉಂಟು, ಅಮೆರಿಕದ ಸಂವಿಧಾನ ಕಟ್ಟಿದೋರು ಚೆಕ್ಸ್ ಅಂಡ್ ಬ್ಯಾಲೆನ್ಸಸ್ ಅಂತ ಮಾತಾಡಿದ್ದು ಅಧ್ಯಕ್ಷನ್ನ, ಶಾಸನಸಭೇನ, ಕೋರ್ಟನ್ನ ಒಬ್ಬರು ಇನ್ನೊಬ್ಬರ ಓಟ ತಡೆಯೋ ಹಾಗೆ ನಿಲ್ಸೋದರ ಬಗ್ಗೆ. ನಮ್ಮಲ್ಲಿ ರಾಷ್ಟ್ರಪತಿ ಒಂದು ಮಸೂದೇನ ಮರುಪರಿಶೀಲನೆಗೆ ವಾಪಸ್ ಕಳ್ಸೋದು, ಸುಪ್ರೀಂ ಕೋರ್ಟು ಒಂದು ಕಾಯ್ದೇನ ಅಸಿಂಧು ಅನ್ನೋದು, ಇವೆಲ್ಲ ಆ ಹಳೇ ಅರ್ಥದ ಚೆಕ್ಕೇ.

ಆ ಮೇಜಿನಿಂದ ನಮ್ಮ ಕಾಲದವರೆಗೂ ಉಳಿದಿರೋದು ಚೆಕ್ ಒಂದೇ ಅಲ್ಲ. ಶೆರೀಫ್ ದುಡ್ಡು ಕಟ್ಟಿದ್ದಕ್ಕೆ ರಸೀದಿ ಅಂತ ಕೊಡ್ತಿದ್ದಿದ್ದು ಒಂದು ಕೋಲು. ಸಾಮಾನ್ಯವಾಗಿ ಹೇಝಲ್ ಮರದ ಕೋಲು, ಅದರ ಮೇಲೆ ಕಚ್ಚು ಹಾಕೋರು, ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳಗಲ, ಇಪ್ಪತ್ತಕ್ಕೆ ಕಿರುಬೆರಳಗಲ, ಒಂದು ಪೌಂಡಿಗೆ ಬಾರ್ಲಿ ಕಾಳಿನಷ್ಟು, ಪೆನ್ನಿಗೆ ಬರೀ ಒಂದು ಗೀರು. ಆಮೇಲೆ ಕೋಲನ್ನ ಉದ್ದಕ್ಕೆ ಸೀಳೋರು, ಎರಡೂ ಹೋಳಲ್ಲಿ ಅದೇ ಕಚ್ಚುಗಳು. ಒಂದು ಭಾಗ ದುಡ್ಡು ಕೊಟ್ಟೋನಿಗೆ, ಇನ್ನೊಂದು ಖಜಾನೆಗೆ. ಮುಂದೆ ಯಾರಾದ್ರೂ ತನ್ನ ಹೋಳಲ್ಲಿ ಒಂದು ಕಚ್ಚು ಜಾಸ್ತಿ ಕೆತ್ತಿದ್ರೆ ಎರಡನ್ನೂ ಜೋಡಿಸಿದ ತಕ್ಷಣ ಸಿಕ್ಕಿಬೀಳ್ತಾನೆ, ಮರದ ಎಳೆಗಳೂ ಒಂದಕ್ಕೊಂದು ಕೂರ್ಬೇಕಲ್ಲ. ಈ ಕೋಲಿನ ಹೆಸರು ಟ್ಯಾಲಿ. ಸಂಜೆ ಕ್ಯಾಶ್ ಮುಚ್ಚುವಾಗ "ಟ್ಯಾಲಿ ಆಯ್ತಾ?" ಅಂತ ನಾವು ಕೇಳೋದು, ಅಕೌಂಟ್ಸ್ ಕಲ್ತಿರೋ ಪ್ರತಿಯೊಬ್ಬರಿಗೂ ಗೊತ್ತಿರೋ ಬೆಂಗಳೂರಿನ ಟ್ಯಾಲಿ ಸಾಫ್ಟ್‌ವೇರು, ಎರಡರಲ್ಲೂ ಇರೋದು ಆ ಪದವೇ. ಕೊಟ್ಟೋನ ಹತ್ರ ಇರ್ತಿದ್ದ ಉದ್ದ ಹೋಳಿಗೆ ಸ್ಟಾಕ್ ಅನ್ನೋರು, ಇನ್ನೊಂದಕ್ಕೆ ಫಾಯಿಲ್. ಕಾಗದಕ್ಕೆ ಬಂದಾಗ ಕೌಂಟರ್‌ಫಾಯಿಲ್ ಅನ್ನೋ ಪದ ಆಯ್ತು, ಫಾಯಿಲ್ ಅಂದ್ರೆ ಲ್ಯಾಟಿನ್ ಮೂಲದಲ್ಲಿ ಎಲೆ, ನಾವಿನ್ನೂ ಚೆಕ್ ಲೀಫ್ ಅಂತೀವಿ.

ಕೋಲಿನ ಲೆಕ್ಕ 1826ರವರೆಗೂ ಬ್ರಿಟಿಷ್ ಖಜಾನೇಲಿ ನಡೀತಿತ್ತು. ಆಮೇಲೆ ಗುಡ್ಡೆ ಬಿದ್ದಿದ್ದ ಹಳೇ ಕೋಲುಗಳನ್ನ ಸುಟ್ಟಾಕಿ ಅಂತ ಆರ್ಡರ್ ಆಯ್ತು, 1834ರ ಅಕ್ಟೋಬರ್ 16ರಂದು ಪಾರ್ಲಿಮೆಂಟಿನ ನೆಲಮಾಳಿಗೆಯ ಒಲೆಗಳಿಗೆ ಒಂದೇ ದಿನ ತುಂಬಿದ್ರು, ಒಣ ಮರ, ಬೆಂಕಿ ಹೊಗೆಗೂಡಿಗೆ ಹತ್ತಿ ರಾತ್ರಿ ಹೊತ್ತಿಗೆ ಪಾರ್ಲಿಮೆಂಟ್ ಕಟ್ಟಡದ ಬಹುಪಾಲು ಉರಿದು ಹೋಯ್ತು. ಇವತ್ತು ಫೋಟೋಗಳಲ್ಲಿ ನೋಡೋ ವೆಸ್ಟ್‌ಮಿನ್‌ಸ್ಟರ್ ಕಟ್ಟಡದ ಬಹುಪಾಲು ಅದಾದ್ಮೇಲೆ ಕಟ್ಟಿದ್ದು.

ದುಡ್ಡಿನ ಚೆಕ್ಕಿಗೆ ಬರ್ತೀನಿ. ಇಂಗ್ಲೆಂಡಲ್ಲಿ ಹದಿನೇಳನೇ ಶತಮಾನದಲ್ಲೇ ಅಕ್ಕಸಾಲಿಗರು, ದುಡ್ಡಿನ ದಲ್ಲಾಳಿಗಳ ಹತ್ರ ಹಣ ಇಟ್ಟೋರು ಇಂಥೋರಿಗೆ ಇಷ್ಟು ಕೊಡಿ ಅಂತ ಚೀಟಿ ಬರೆದು ಕೊಡೋರು, ಆದ್ರೆ ಅದಕ್ಕೆ ಚೆಕ್ ಅಂತ ಹೆಸರಿರ್ಲಿಲ್ಲ. 1700ರ ಆಸುಪಾಸಿನಲ್ಲಿ ಚೆಕ್ ಅಂದ್ರೆ ಕೌಂಟರ್‌ಫಾಯಿಲ್. ಮೋಸ ತಡೆಯೋದಕ್ಕೆ ಅಂತ, ಮೊತ್ತ ತಿದ್ದಿದ್ರೆ ಗೊತ್ತಾಗ್ಲಿ ಅಂತ ಇಟ್ಕೊಳ್ತಿದ್ದ ಅರ್ಧ ತುಂಡು. ಅಂದ್ರೆ ಫೋರ್ಜರಿ ಮಾಡೋನಿಗೆ ಬೀಳೋ ಚೆಕ್. ಹೆಸರು ಮೆಲ್ಲಗೆ ಆ ಅರ್ಧ ತುಂಡಿಂದ ಇಡೀ ಕಾಗದಕ್ಕೆ ಹರಡ್ಕೊಂಡು, ಹದಿನೆಂಟನೇ ಶತಮಾನ ಮುಗಿಯೋ ಹೊತ್ತಿಗೆ ಬ್ಯಾಂಕಿನ ಮೇಲೆ ಬರೆಯೋ ಹಣದ ಆದೇಶವೇ ಚೆಕ್ ಆಯ್ತು. ಕೊನೇಲಿ ಕ್ಯೂ ಯು ಇ ಹಾಕಿ ಬರೆಯೋ ಬ್ರಿಟಿಷ್ ಸ್ಪೆಲಿಂಗ್‌ಗೆ ಎಕ್ಸ್‌ಚೆಕರ್ ಪದದ ಪ್ರಭಾವ ಕಾರಣ. 1820ರ ದಶಕದಲ್ಲಿ ಬ್ಯಾಂಕಿಂಗ್ ಬಗ್ಗೆ ಬರೆದ ಜೇಮ್ಸ್ ವಿಲಿಯಂ ಗಿಲ್ಬಾರ್ಟ್, ಬೇರೆಯೋರೆಲ್ಲ ಸಾದಾ ಸ್ಪೆಲಿಂಗ್ ಬಳಸ್ತಾರೆ, ನಾನು ಇದನ್ನ ಆರಿಸ್ಕೊಂಡಿದ್ದು ಗೊಂದಲ ಆಗ್ಬಾರ್ದು ಅಂತ, ಎಕ್ಸ್‌ಚೆಕರ್ ಜೊತೆ ಹೊಂದುತ್ತೆ ಅಂತ ಅನ್ನೋ ಅರ್ಥದಲ್ಲಿ ಸಮಜಾಯಿಷಿ ಕೊಟ್ಟಿದಾರೆ. ಅಮೆರಿಕದೋರು ಆ ಗೋಜಿಗೆ ಹೋಗ್ದೇ ಎಲ್ಲದಕ್ಕೂ ಒಂದೇ ಸ್ಪೆಲಿಂಗ್ ಇಟ್ಕೊಂಡ್ರು, ಹೋಟೆಲ್ ಬಿಲ್ಲಿಗೂ ಚೆಕ್ ಅಂತಾರೆ. ಕನ್ನಡದಲ್ಲಿ ಬರೆಯೋವಾಗ ನಮಗೂ ಆ ತಾಪತ್ರಯ ಇಲ್ಲ.

ಇಲ್ಲೊಂದು ವಾದ ಇದೆ. ಚೆಕ್ ಅನ್ನೋದು ಅರಬ್ಬಿಯ ಸಕ್, ಪರ್ಷಿಯನ್ನಿನ ಚಕ್ ಅನ್ನೋ ಪದದಿಂದ ಬಂತು ಅಂತ ತುಂಬಾ ಕಡೆ ಬರೀತಾರೆ. ಸಕ್ ಅಂದ್ರೆ ಬರೆದುಕೊಟ್ಟ ಪತ್ರ, ಹಣ ಕೊಡೋ ಒಪ್ಪಂದ. ಆ ಪದ್ಧತಿ ಯುರೋಪಿನ ಚೆಕ್ಕಿಗಿಂತ ಎಷ್ಟೋ ಶತಮಾನ ಹಳೇದು ಅನ್ನೋದರಲ್ಲಿ ಅನುಮಾನ ಇಲ್ಲ, ಹತ್ತನೇ ಶತಮಾನದ ಪ್ರವಾಸಿ ಇಬ್ನ್ ಹೌಕಲ್ ಸಹಾರಾ ಮರುಭೂಮಿಯ ವ್ಯಾಪಾರದ ಬಗ್ಗೆ ಬರೀವಾಗ 42,000 ದೀನಾರಿನ ಒಂದು ಸಕ್ ನೋಡ್ದೆ ಅಂತ ಹೇಳ್ತಾನೆ, ಆ ಮೊತ್ತ ಅವನಿಗೇ ಆಶ್ಚರ್ಯ ತಂದಿತ್ತು. ಆದ್ರೆ ಪದದ ದಾರಿ ಬೇರೆ. ಇಂಗ್ಲಿಷ್ ನಿಘಂಟುಗಳು ಹೇಳೋದು ಕೌಂಟರ್‌ಫಾಯಿಲ್ ದಾರೀನೇ, ದಾಖಲೆಗಳಲ್ಲಿ ಅರ್ಥ ಹಂತಹಂತವಾಗಿ ಬದಲಾಗೋದು ಕಾಣ್ಸುತ್ತೆ, ನನಗೂ ಅದೇ ನಂಬಿಕೆ ಬರೋ ಹಾಗಿದೆ. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಕಟ್ಬಾರ್ದು. ನಮ್ಮಲ್ಲೇ ನೋಡಿ, ಕ್ರಯಪತ್ರದಲ್ಲಿ ಚೆಕ್ಕುಬಂದಿ ಅಂತ ಬರುತ್ತಲ್ಲ, ಪೂರ್ವಕ್ಕೆ ಇಂಥೋರ ಜಮೀನು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಹಳ್ಳ ಅಂತ, ಆ ಚೆಕ್ಕು ಇಂಗ್ಲಿಷಿನ ಚೆಕ್ ಅಲ್ವೇ ಅಲ್ಲ. ಅಲ್ಲಿರೋದು ಜಮೀನಿನ ತುಂಡು ಅನ್ನೋ ಅರ್ಥದ ಚಕ್, ಉತ್ತರ ಭಾರತದಲ್ಲಿ ಚಕ್‌ಬಂದಿ ಅಂತಾರಲ್ಲ ಅದು. ಹಳಬರು ಚಕ್ಕುಬಂದಿ ಅಂತ ಬರೆಯೋದೇ ಮೂಲಕ್ಕೆ ಹತ್ತಿರ.

ಬಟ್ಟೆಯ ಚೆಕ್ಸ್ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ, ಚದುರಂಗದ ಹಾಸಿನ ಹಾಗೆ ಮನೆಮನೆ ಇದ್ರೆ ಚೆಕ್ಸ್. ನಮ್ಮ ಚೌಕ, ಚೌಕಳಿ ಪದಗಳಲ್ಲಿ ಇರೋದು ಸಂಸ್ಕೃತದ ಚತುಷ್ಕ, ಅಂದ್ರೆ ನಾಲ್ಕರದ್ದು, ಚತುರಂಗದಲ್ಲಿರೋ ಅದೇ ನಾಲ್ಕು. ಇಲ್ಲಿಂದ ಹೊರಟ ಆಟ ಪರ್ಷಿಯಾ ಫ್ರಾನ್ಸ್ ಸುತ್ತಿ ಚೆಕ್ಸ್ ಲುಂಗಿಯಾಗಿ ವಾಪಸ್ ಬಂದಿದ್ದು, ಇಲ್ಲೇ ಮನೇಲಿ ಉಳ್ಕೊಂಡು ಚೌಕಳಿ ಆಗಿದ್ದು, ಎರಡೂ ಒಂದೇ ಬಟ್ಟೆ ಅಂಗಡೀಲಿ ಸಿಗ್ತವೆ.

ಪರೀಕ್ಷಿಸಿ ನೋಡೋದು ಅನ್ನೋ ಅರ್ಥ, ನಾವು ಈಗ ಅತೀ ಹೆಚ್ಚು ಬಳಸೋದು, ದುಡ್ಡಿನ ಚೆಕ್ಕನ್ನ ಬಿಟ್ರೆ ಮಿಕ್ಕೆಲ್ಲಕ್ಕಿಂತ ಚಿಕ್ಕ ವಯಸ್ಸಿಂದು, ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೆ ಕಾಣಿಸ್ಕೊಂಡಿದ್ದು. ಎರಡು ಲೆಕ್ಕ ಪಕ್ಕಪಕ್ಕ ಇಟ್ಟು ತಾಳೆ ನೋಡೋದು ಅನ್ನೋದರಿಂದ ಯಾವುದನ್ನೇ ಆಗ್ಲಿ ಸರಿ ಇದೆಯಾ ಅಂತ ನೋಡೋದು ಅಂತ ಹಿಗ್ಗಿತು. ಒಂದು ಚೆಕ್ ಲೀಫನ್ನ ಕೈಯಲ್ಲಿ ಹಿಡ್ಕೊಂಡ್ರೆ ಈ ಎಲ್ಲ ಅರ್ಥಗಳೂ ಒಂದರ ಮೇಲೊಂದು ಕೂತಿರೋದು ಕಾಣ್ಸುತ್ತೆ. ಬೆಳಕಿಗೆ ಹಿಡಿದ್ರೆ ಕಾಗದದ ಒಳಗೆ ಸಿಟಿಎಸ್ ಇಂಡಿಯಾ (ಸಿಟಿಎಸ್ ಅಂದ್ರೆ ಚೆಕ್ಕಿನ ಫೋಟೋ ಕಳಿಸಿ ಬ್ಯಾಂಕುಗಳ ಮಧ್ಯೆ ಕ್ಲಿಯರಿಂಗ್ ಮಾಡೋ ವ್ಯವಸ್ಥೆ) ಅನ್ನೋ ವಾಟರ್‌ಮಾರ್ಕ್, ಕಲರ್ ಜೆರಾಕ್ಸ್ ಮಾಡ್ಸಿದ್ರೆ ಕಾಪಿ ಮೇಲೆ ಅಸಿಂಧು ಅನ್ನೋ ಅರ್ಥದ ಇಂಗ್ಲಿಷ್ ಪದ ಎದ್ದು ಬರೋ ಹಾಗೆ ಹಿನ್ನೆಲೆಯ ಪ್ರಿಂಟು, ಅಲ್ಟ್ರಾವಯಲೆಟ್ ದೀಪದ ಕೆಳಗೆ ಮಾತ್ರ ಕಾಣೋ ಬ್ಯಾಂಕಿನ ಲೋಗೋ. ಕೆಳಗಿನ ಬಿಳಿ ಪಟ್ಟೀಲಿ 6 ಅಂಕಿಯ ಚೆಕ್ ನಂಬರ್, ಆಮೇಲೆ 9 ಅಂಕಿಯ ಕೋಡು, ಅದರಲ್ಲಿ ಮೊದಲ 3 ಊರಿಗೆ, ನಡುವಿನ 3 ಬ್ಯಾಂಕಿಗೆ, ಕೊನೇ 3 ಬ್ರಾಂಚಿಗೆ. ಬೆಂಗಳೂರಾದ್ರೆ 560, ಮೈಸೂರಾದ್ರೆ 570, ಪಿನ್‌ಕೋಡಿನ ಶುರುವೇ ಅದು. ಹೆಸರಲ್ಲೋ ಮೊತ್ತದಲ್ಲೋ ಒಂದಕ್ಷರ ತಿದ್ದಿದ್ರೂ ಈಗ ಕ್ಲಿಯರಿಂಗಲ್ಲಿ ತಗೊಳಲ್ಲ, ತಾರೀಖು ಬಿಟ್ಟು ಬೇರೇನು ತಿದ್ದಿದ್ರೂ ಹೊಸ ಲೀಫಲ್ಲೇ ಬರೀಬೇಕು, ಸೈನ್ ಹಾಕಿ ತಿದ್ದುಪಡಿ ಒಪ್ಪಿಸ್ತಿದ್ದ ಕಾಲ ಹೋಯ್ತು. ಹೇಝಲ್ ಕೋಲಿನ ಕಚ್ಚು ಮಾಡ್ತಿದ್ದ ಕೆಲಸವನ್ನೇ ಇವೆಲ್ಲ ಮಾಡ್ತಿರೋದು.

ಇನ್ನು ಚೆಕ್ ಬೌನ್ಸ್. ನಮ್ಮಲ್ಲಿ ಚೆಕ್ಕಿನ ಕಾನೂನು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್, ಅಕೌಂಟಲ್ಲಿ ದುಡ್ಡಿಲ್ದೇ ಚೆಕ್ ವಾಪಸ್ ಹೋದ್ರೆ ಅಪರಾಧ ಅನ್ನೋ 138ನೇ ಸೆಕ್ಷನ್ ಜಾರಿಗೆ ಬಂದಿದ್ದು 1989ರ ಏಪ್ರಿಲ್‌ನಿಂದ. ಎರಡು ವರ್ಷದವರೆಗೂ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೂ ದಂಡ, ಅಥವಾ ಎರಡೂ. ಆದ್ರೆ ಚೆಕ್ ವಾಪಸ್ ಬಂದ ತಕ್ಷಣ ಯಾರೂ ಕೋರ್ಟಿಗೆ ಹೋಗೋ ಹಾಗಿಲ್ಲ. ಚೆಕ್ ಯಾಕೆ ವಾಪಸ್ ಆಯ್ತು ಅಂತ ಬ್ಯಾಂಕ್ ಕೊಡೋ ರಿಟರ್ನ್ ಮೆಮೋ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟೋನಿಗೆ ಲಿಖಿತವಾಗಿ ನೋಟಿಸ್ ಕೊಡ್ಬೇಕು, ನೋಟಿಸ್ ತಲುಪಿದ್ಮೇಲೆ ಅವನಿಗೆ 15 ದಿನ ಟೈಮ್ ಬಿಡ್ಬೇಕು, ಆ 15 ದಿನದಲ್ಲಿ ಹಣ ಕಟ್ಟಿದ್ರೆ ಅಪರಾಧವೇ ಇಲ್ಲ, ಕಟ್ಟದಿದ್ರೆ ಮಾತ್ರ ಮುಂದಿನ ಒಂದು ತಿಂಗಳೊಳಗೆ ಕಂಪ್ಲೇಂಟ್. ಈ ಸೆಕ್ಷನ್ ಓದುವಾಗೆಲ್ಲ ನನಗೆ ಪರ್ಷಿಯಾದ ಆಟಗಾರರೇ ನೆನಪಾಗ್ತಾರೆ. ಕಾನೂನು ಬರೆದೋರು ಚದುರಂಗ ನೆನೆಸ್ಕೊಂಡು ಬರೆದಿರ್ಲಿಕ್ಕಿಲ್ಲ, ಆದ್ರೆ ಆಟದ ನಿಯಮ ಪೂರ್ತಿಯಾಗಿ ಇಲ್ಲಿದೆ: ಮೊದಲು ಬಾಯ್ಬಿಟ್ಟು ಹೇಳು, ಒಂದು ನಡೆ ಬಿಟ್ಕೊಡು. ಅದೂ ರಾಜನಿಗೆ ಅಂತಲ್ಲ, ಬೀಜ ಗೊಬ್ಬರಕ್ಕೆ ಸಾಲ ಮಾಡಿ ಚೆಕ್ ಬರ್ಕೊಟ್ಟಿರೋ ರೈತನಿಗೂ, ಸಣ್ಣ ಅಂಗಡಿಯೋನಿಗೂ ಅಷ್ಟೇ ನಡೆ.

ಇಂಥ ನೋಟಿಸ್ ಬಂದಾಗ ಜನ ಲಾಯರ್ ಲೆಟರ್‌ಹೆಡ್ ನೋಡಿಯೇ ಅರ್ಧ ಜೀವ ಆಗಿರ್ತಾರೆ, ಕೆಲವ್ರು ಭಯಕ್ಕೆ ರಿಜಿಸ್ಟರ್ಡ್ ಪೋಸ್ಟನ್ನ ತಗೊಳ್ಳದೇ ವಾಪಸ್ ಕಳಿಸ್ತಾರೆ. ಹಾಗೆ ಮಾಡ್ಬೇಡಿ, ಸರಿಯಾದ ವಿಳಾಸಕ್ಕೆ ಬಂದಿದ್ದನ್ನ ಬೇಡ ಅಂದ್ರೂ ತಲುಪಿದೆ ಅಂತಾನೇ ಕೋರ್ಟುಗಳು ಸಾಮಾನ್ಯವಾಗಿ ತಗೊಳ್ತವೆ, ದಿನ ಮಾತ್ರ ಸುಮ್ಮನೆ ಓಡ್ತಿರುತ್ತೆ. ಕವರ್ ತಗೊಳ್ಳಿ, ಬಂದ ತಾರೀಖನ್ನ ಅದರ ಮೇಲೇ ಬರೆದಿಡಿ, ಅಲ್ಲಿಂದ 15 ದಿನ ಎಣಿಸಿ, ಹಣ ಹೊಂದಿಸೋಕಾದ್ರೆ ಅಕೌಂಟಿಂದ ಅಕೌಂಟಿಗೆ ಕಟ್ಟಿ ದಾಖಲೆ ಇಟ್ಕೊಳ್ಳಿ, ಕೈಯಲ್ಲಿ ಕ್ಯಾಶ್ ಕೊಡೋದಾದ್ರೆ ರಸೀದಿ ಇಲ್ದೇ ಕೊಡ್ಬೇಡಿ, ಹಳೇ ಚೆಕ್ ವಾಪಸ್ ಇಸ್ಕೊಳ್ಳೋದನ್ನ ಮರೀಬೇಡಿ.